ಕೂತಲ್ಲೇ ಬರುವ ತಲೆಸುತ್ತು

ಶಾಲೆಗೆ ರಜೆ ಬಂತೆಂದರೆ ಮನೆಭೇಟಿಗೆ ಹೋದಾಗ ನಮಗೆ ಈ ದೂರು ಕೇಳಿಬರುತ್ತದೆ: “ಫಾದರ್, ಮಗ ಆಟ ಆಡ್ತಾ ಇದ್ದವನು ಹಾಗೇ ವಾಂತಿ ಮಾಡಿಕೊಂಡ.” ದೃಷ್ಟಿ ತಾಗಿದೆ ಎನ್ನುತ್ತಾರೆ ಅಜ್ಜಿ. ತಿಂದದ್ದು ಆಗಲಿಲ್ಲ ಎನ್ನುತ್ತಾರೆ ತಾಯಿ. ಮಾತು ಕೇಳಲಿಲ್ಲ, ಅನುಭವಿಸಲಿ ಎನ್ನುತ್ತಾರೆ ತಂದೆ. ಸಾಮಾನ್ಯವಾಗಿ ಈ ಮೂರೂ ಕಾರಣವಲ್ಲ. ಇದು ಬಸ್ಸಿನಲ್ಲಿ ಬರುವ ವಾಂತಿಯ ತಮ್ಮ.

ಮೊರಪ್ಪೂರಿನ ಕಡೆಯವರಿಗೆ ಏರ್ಕಾಡಿನ ದಾರಿ ಹೊಸದಲ್ಲ. ಸೇಲಂನಿಂದ ಬೆಟ್ಟ ಹತ್ತಲು 20 ಹೇರ್‌ಪಿನ್ ತಿರುವುಗಳು. ಅರ್ಧ ದಾರಿಗೇ ಕೆಲವರು ನಿಂಬೆಹಣ್ಣನ್ನು ಮೂಗಿಗೆ ಹಿಡಿಯುತ್ತಾರೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ನಾಳಗಳಿವೆ. ತಲೆ ತಿರುಗಿದ ಕೂಡಲೇ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಬಸ್ಸಿನಲ್ಲಿ ಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಮುಂದಿನ ಸೀಟನ್ನೇ ನೋಡುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. 1882ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಕಿವುಡರನ್ನು ವಿಚಾರಿಸಿದಾಗ, ಗರಗರನೆ ತಿರುಗಿಸಿದರೂ ಅವರಲ್ಲಿ ಅನೇಕರಿಗೆ ತಲೆಸುತ್ತು ಬರುವುದಿಲ್ಲವೆಂದು ತಿಳಿಯಿತು.

ಆಟದಲ್ಲಿ ಜಗಳ ತಿರುಗುಮುರುಗು. 1992ರ ವೂಲ್ಫೆನ್‌ಸ್ಟೈನ್ 3ಡಿ, 1993ರ ಡೂಮ್ ಆಟಗಳಿಂದ ಹೆಸರಾದ ಒಂದು ಬಗೆಯಿದೆ. ಅದರಲ್ಲಿ ಆಡುವವನ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಕಣ್ಣು ‘ಓಡುತ್ತಿದ್ದೇವೆ’ ಎನ್ನುತ್ತದೆ, ಕುರ್ಚಿಯಲ್ಲಿ ಕೂತ ದೇಹ ‘ಇಲ್ಲ’ ಎನ್ನುತ್ತದೆ. ಆಡುವವನಿಗಿಂತ ಪಕ್ಕದಲ್ಲಿ ನೋಡುತ್ತಾ ಕೂತ ತಂಗಿಗೆ ಬೇಗ ಸಂಕಟವಾಗಬಹುದು. ಬಸ್ಸಿನ ಡ್ರೈವರಿಗೆ ಅಪರೂಪಕ್ಕೆ ವಾಂತಿಯಾಗುವುದಕ್ಕೂ ಇದೇ ಕಾರಣ: ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು.

ಏನು ಮಾಡಬಹುದು? ಆಟದ ಸೆಟ್ಟಿಂಗ್ಸ್ ತೆರೆದು ನೋಡಿ. ನಡೆಯುವಾಗ ಚಿತ್ರ ಕುಲುಕುವುದನ್ನು ಅನೇಕ ಆಟಗಳಲ್ಲಿ ನಿಲ್ಲಿಸಬಹುದು. ಮೈನ್‌ಕ್ರಾಫ್ಟ್‌ನಲ್ಲಿ ಇದಕ್ಕೆ ‘ವ್ಯೂ ಬಾಬಿಂಗ್’ ಎಂಬ ಹೆಸರಿದೆ. ‘ಮೋಷನ್ ಬ್ಲರ್’ ಇದ್ದರೆ ಅದನ್ನೂ ತೆಗೆಯಿರಿ. ‘ಫೀಲ್ಡ್ ಆಫ್ ವ್ಯೂ’, ಅಂದರೆ ನೋಟದ ಅಗಲ, ತೀರಾ ಕಿರಿದಾಗಿದ್ದರೆ ಕೆಲವರಿಗೆ ತ್ರಾಸ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ನೋಡಿ. ಬಿಜಿಎಂಐನಂಥ ಆಟದಲ್ಲಿ ಆಟಗಾರನನ್ನು ಬೆನ್ನ ಹಿಂದಿನಿಂದ ನೋಡುವ ಆಯ್ಕೆಯಿದೆ; ಅದು ಹಲವರಿಗೆ ಹಿತ. ಚಿತ್ರ ತಡವರಿಸುತ್ತಿದ್ದರೆ ಗ್ರಾಫಿಕ್ಸ್ ಕಡಿಮೆ ಮಾಡಿ.

ಇನ್ನು ಮನೆಯ ಕಡೆಯಿಂದ: ಕೋಣೆಯ ದೀಪ ಉರಿಯಲಿ, ಕಿಟಕಿ ತೆರೆದಿರಲಿ, ಫ್ಯಾನ್ ತಿರುಗಲಿ. ಪರದೆಯಿಂದ ದೂರ ಕೂರಲಿ. ಹೊಟ್ಟೆ ಬಿರಿಯುವಷ್ಟು ಉಂಡಾಗಲೂ ಬೇಡ, ಬರಿಹೊಟ್ಟೆಯಲ್ಲೂ ಬೇಡ. ಮೊದಲು 10 ನಿಮಿಷ ಸಾಕು. ಸರಿಹೋದರೆ ದಿನಗಳೆದಂತೆ ಹೆಚ್ಚಿಸಬಹುದು. ಆಕಳಿಕೆ, ತಣ್ಣನೆಯ ಬೆವರು, ಬಾಯಲ್ಲಿ ನೀರೂರುವುದು ಕಂಡ ತಕ್ಷಣ ನಿಲ್ಲಿಸಿ ದೂರದ ಮರವನ್ನೋ ಬೆಟ್ಟವನ್ನೋ ನೋಡಲಿ. ‘ಇದೊಂದು ಆಟ ಮುಗಿಸ್ತೀನಿ’ ಎಂದು ಹಟ ಹಿಡಿದರೆ ಸಂಕಟ ಗಂಟೆಗಟ್ಟಲೆ ಕಾಡಬಹುದು. ತಲೆಸುತ್ತು ಪೂರ್ತಿ ಇಳಿಯುವವರೆಗೆ ದೊಡ್ಡ ಹುಡುಗರು ಬೈಕ್ ಮುಟ್ಟಬಾರದು. ಬಸ್ಸಿಗೆಂದು ತಂದಿಟ್ಟ ವಾಂತಿಯ ಮಾತ್ರೆ ನಿದ್ದೆ ಬರಿಸುತ್ತದೆ. ಆಟಕ್ಕಾಗಿ ಅದನ್ನು ಕೊಡಬೇಡಿ. ಆಟವಿಲ್ಲದಾಗಲೂ ತಲೆಸುತ್ತು ಬಂದರೆ, ಪ್ರಜ್ಞೆ ತಪ್ಪಿದರೆ, ಕೈಕಾಲು ಅದುರಿದರೆ ಅದು ಬೇರೆ ಕಾಯಿಲೆ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಹೆತ್ತವರಿಗೆ ನಮ್ಮದೊಂದು ಮಾತು. ಮಗು ತನ್ನ ಸಂಕಟ ಹೇಳಿಕೊಂಡಾಗ ‘ಮೊಬೈಲ್ ಹಿಡಿದದ್ದಕ್ಕೆ ತಕ್ಕ ಶಾಸ್ತಿ’ ಎಂದು ಬೈದರೆ, ಮುಂದಿನ ಸಲ ಅದು ಹೇಳುವುದಿಲ್ಲ. ಗೆಳೆಯರು ‘ಪುಕ್ಕಲ’ ಎಂದು ನಗುತ್ತಾರೆಂಬ ಹೆದರಿಕೆ ಮೊದಲೇ ಇರುತ್ತದೆ. ಮನೆಯಲ್ಲೂ ಬೈಗುಳವಾದರೆ ಬಾಯಿ ಮುಚ್ಚುತ್ತದೆ. ಇಂದು ತಲೆಸುತ್ತು ಮುಚ್ಚಿಟ್ಟ ಮಗು ನಾಳೆ ಜ್ವರವನ್ನೂ, ಶಾಲೆಯಲ್ಲಾದ ಪೆಟ್ಟನ್ನೂ ಮುಚ್ಚಿಡುತ್ತದೆ. ಆಟ ಎಷ್ಟು ಹೊತ್ತು ಎಂಬ ಲೆಕ್ಕ ಬೇರೆ. ಅದನ್ನು ಇನ್ನೊಂದು ದಿನ ಕೂತು ಮಾತಾಡಿ. ವಾಂತಿಯಾದ ದಿನ ಮುಖ ತೊಳೆಸಿ, ಒಂದು ಲೋಟ ನೀರು ಕೊಟ್ಟು, ಜಗಲಿಯಲ್ಲಿ ಗಾಳಿಗೆ ಕೂರಿಸಿ.