ಹಾಸ್ಟೆಲ್ಲಿನ ಒಲೆ ಹಚ್ಚುವಾಕಿ ಯಾರ ಆಳು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಈ ಹಂಪಸಾಗರದ ಸುತ್ತಿನ ಸೀಮೆಯಲ್ಲಿ ಸುಗ್ಗಿ ಮುಗಿದರೆ ಕೇರಿಯ, ತಾಂಡಾದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಅಪ್ಪ ಅವ್ವ ಕಾಫಿ ತೋಟಕ್ಕೋ, ಕಬ್ಬು ಕಡಿಯಲಿಕ್ಕೋ, ಬೆಂಗಳೂರಿನ ಗಾರೆ ಕೆಲಸಕ್ಕೋ ಗುಳೆ ಹೋಗುತ್ತಾರೆ. ಓದುವ ಮಕ್ಕಳಿಗೆ ಉಳಿಯುವುದು ಒಂದೇ ಮನೆ, ಸರ್ಕಾರಿ ಹಾಸ್ಟೆಲ್ಲು. ಕಾಲೇಜು ದಾಟಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ಅವರಿಗೆ ಅದೇ ನೆರಳು.

ಈ ನೆರಳು ಯಾರ ಭಿಕ್ಷೆಯೂ ಅಲ್ಲ. 1925ರಲ್ಲಿ ಅಂಬೇಡ್ಕರ್ ಅವರ ಬಹಿಷ್ಕೃತ ಹಿತಕಾರಿಣಿ ಸಭಾ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಯಿತು. ಸೂರು, ಅನ್ನ ಎರಡೂ ಇಲ್ಲದವನಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಮುಚ್ಚಿದ್ದೇ ಲೆಕ್ಕ. ನಮ್ಮ ಚಳವಳಿ ಕಟ್ಟಿದವರಲ್ಲಿ ಹಾಸ್ಟೆಲ್ ಅನ್ನ ಉಂಡವರು ಎಷ್ಟು ಮಂದಿ ಎಂದು ತಿಳಿಯಲು ಸಿದ್ಧಲಿಂಗಯ್ಯನವರ 'ಊರುಕೇರಿ'ಯಿಂದಲೇ ಶುರು ಮಾಡಬಹುದು.

ಆ ಅನ್ನ ಬೇಯಿಸುವ ಅಕ್ಕನ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಒಲೆ ಹಚ್ಚುವವಳು, ಜ್ವರ ಬಂದ ಹುಡುಗಿಗೆ ಗಂಜಿ ಕಾಸಿ ಕೊಡುವವಳು ಅವಳೇ. ಕೆಲಸ ಹೇಳುವವರು ವಾರ್ಡನ್, ಪಗಾರ ಕೊಡಬೇಕಾದವನು ಎಲ್ಲೋ ಕೂತ ಏಜೆನ್ಸಿಯವ. "ಪಗಾರ ಯಾಕ ಬಂದಿಲ್ರೀ ಸರ?" ಅಂದರೆ ವಾರ್ಡನ್, "ಏಜೆನ್ಸಿಯವರನ್ನ ಕೇಳವ್ವ" ಅಂತಾರೆ. ಏಜೆನ್ಸಿಯವ, "ಬಿಲ್ಲು ಪಾಸಾಗಿಲ್ಲ" ಅಂತಾನೆ. ಮೇಲಿನ ಕಚೇರಿ, "ನೀವು ನಮ್ಮ ನೌಕರರೇ ಅಲ್ಲ" ಅಂತದ. ಹಂಗಾದ್ರ ಆಕಿ ಯಾರ ಆಳು?

1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಇಲ್ಲಿ ಅದೇ ಜೀತ ಟೆಂಡರಿನ ಅಂಗಿ ತೊಟ್ಟು ಬಂದಿದೆ. ಜೀತದ ಗೌಡನ ಮುಖವಾದರೂ ಕಾಣುತ್ತಿತ್ತು, ಈ ಧಣಿಗೆ ಮುಖವೇ ಇಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು. ಕಾಯಂ ಮಾಡಿ ಎಂದವರ ಮುಂದೆ 2006ರ ಉಮಾದೇವಿ ತೀರ್ಪನ್ನು ಹಿಡಿಯುತ್ತಾರೆ. ಆ ತೀರ್ಪನ್ನು ವರ್ಷಗಟ್ಟಲೆ ದುಡಿದವರ ಮೇಲೆ ಆಯುಧ ಮಾಡಬಾರದು, ಹೊರಗುತ್ತಿಗೆಯನ್ನು ಗುರಾಣಿ ಮಾಡಿಕೊಳ್ಳಬಾರದು ಎಂದು ಅದೇ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ, ಜಗ್ಗೋ ಪ್ರಕರಣದಲ್ಲಿ ಹೇಳಿತು. ಇದನ್ನು ಮಾತ್ರ ಯಾವ ಕಚೇರಿಯೂ ಗೋಡೆಗೆ ಅಂಟಿಸುವುದಿಲ್ಲ!

ವಿದ್ಯಾರ್ಥಿ ಗೆಳೆಯರೇ, ಸಾರು ನೀರಾದಾಗ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಅಡುಗೆಮನೆ ಬಾಗಿಲಲ್ಲೇ ನಿಂತರೆ ಮೇಲಿನವರಿಗೆ ಹಬ್ಬ. ಬೇಳೆ ಖರೀದಿಸುವವಳು ಅವಳಲ್ಲ, ಎಷ್ಟು ತಲೆಗೆ ಎಷ್ಟು ಕೈ ಎಂದು ತೀರ್ಮಾನಿಸುವವಳೂ ಅವಳಲ್ಲ. ತಪಾಸಣೆಗೆ ಬಂದ ಸಾಹೇಬರು ಅವಳನ್ನು ಮನೆಗೆ ಕಳಿಸಿ 'ಕ್ರಮ ಕೈಗೊಂಡಿದ್ದೇವೆ' ಎಂದು ಬರೆದುಕೊಳ್ಳುತ್ತಾರೆ. ಹೊಸಬಳು ಬರುತ್ತಾಳೆ, ಸಾರು ನೀರಾಗಿಯೇ ಉಳಿಯುತ್ತದೆ. ಕೇರಿಯ ಮಗನ ಬಾಯಲ್ಲಿ ಕೇರಿಯ ಅವ್ವನನ್ನು ಬೈಸುವ ಹುನ್ನಾರ ಇದು.

ನಾವು ಕೇಳುವುದು ದೊಡ್ಡದೇನಲ್ಲ. ಏಜೆನ್ಸಿಯನ್ನು ತೆಗೆದು ಇಲಾಖೆಯೇ ನೇರವಾಗಿ ಪಗಾರ ಕೊಡಲಿ, ತಿಂಗಳ ಗೊತ್ತಾದ ದಿನ ಕೊಡಲಿ. ವಾರಕ್ಕೊಂದು ರಜೆ ಸಿಗಲಿ, ಕಾಯಿಲೆ ಬಿದ್ದರೆ ಬದಲಿ ಆಳು ಬರಲಿ. ರಾತ್ರಿ ಮಗುವಿಗೆ ಹೊಟ್ಟೆನೋವು ಬಂದರೆ, ಗ್ಯಾಸು ಸೋರಿದರೆ ಏನು ಮಾಡಬೇಕೆಂಬ ತರಬೇತಿ ಅಡುಗೆಯವರಿಗೂ ಕಾವಲುಗಾರನಿಗೂ ಸಿಗಲಿ. ಕಾರಣ ಕೇಳದೆ, ಬರಹದಲ್ಲಿ ಕೊಡದೆ ಯಾರನ್ನೂ ತೆಗೆಯುವಂತಿಲ್ಲ. ವಾರ್ಡನ್‌ಗೆ ಒಂದೇ ಹಾಸ್ಟೆಲ್ಲಿನ ಹೊಣೆ ಇರಲಿ. ತಿಂಗಳಿಗೊಮ್ಮೆ ಮಕ್ಕಳು, ಅಡುಗೆಯವರು, ವಾರ್ಡನ್ ಒಂದೇ ಚಾಪೆ ಮೇಲೆ ಕೂತು ಮಾತಾಡಲಿ, ಮಾತಾಡಿದ್ದು ಪುಸ್ತಕದಲ್ಲಿ ದಾಖಲಾಗಲಿ.

ಹಳ್ಳಿಯ ಮೇಷ್ಟ್ರೇ, ನಿಮ್ಮೂರ ಹಾಸ್ಟೆಲ್ಲಿಗೆ ಹೋಗಿ ಅಕ್ಕನಿಗೆ ಹೋದ ತಿಂಗಳ ಪಗಾರ ಬಂತೇ ಎಂದು ಕೇಳಿ. ಬಂದಿಲ್ಲವೆಂದರೆ ಅರ್ಜಿ ನೀವು ಬರೆಯಿರಿ, ಸಹಿ ಹುಡುಗರು ಹಾಕಲಿ. ಉಣಿಸುವ ಕೈಯನ್ನು ಹಸಿವಿನಲ್ಲಿಟ್ಟು ನಮ್ಮ ಮಕ್ಕಳನ್ನು ಸಾಕುತ್ತೇವೆ ಎನ್ನುವವರ ಮಾತನ್ನು ನಾವು ನಂಬುವುದಿಲ್ಲ.