ಖಾತೆ ಬದಲಿಸುವ ಹಕ್ಕು, ಬಾಕಿ ತೀರಿಸುವ ಹೊಣೆ

2020ರ ಎಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಅದಕ್ಕೆ ಒಂದು ವರ್ಷ ಮೊದಲೇ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು. ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಹೆಸರು ಹೀಗೆ ಅಳಿಸಿಹೋಯಿತು. ಅವುಗಳ ಪೈಕಿ ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಆರಂಭವಾದ ಸಂಸ್ಥೆ. ಗ್ರಾಹಕರ ಬ್ಯಾಂಕು, ಚೆಕ್ ಪುಸ್ತಕ, ಐಎಫ್‌ಎಸ್‌ಸಿ ಸಂಕೇತ ಎಲ್ಲವೂ ಬದಲಾದವು. ಅವರ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ. ವಿಚಿತ್ರವೆಂದರೆ, ತಾನಾಗಿಯೇ ಬ್ಯಾಂಕು ಬದಲಿಸುವ ಸಂದರ್ಭ ಬಂದಾಗ ಅದೇ ಗ್ರಾಹಕನು ಅಪರಾಧವೆಸಗುವವನಂತೆ ಹಿಂಜರಿಯುತ್ತಾನೆ.

ನಮ್ಮ ವ್ಯಾಪಾರಿಗಳಲ್ಲಿಯೂ ಜಮಾಅತ್ ಕಮಿಟಿಗಳಲ್ಲಿಯೂ ಚಾಲ್ತಿ ಖಾತೆಯನ್ನೇ ಆರಿಸಿಕೊಳ್ಳುವವರು ಅನೇಕರಿದ್ದಾರೆ. ವ್ಯವಹಾರದ ಅನುಕೂಲದೊಂದಿಗೆ ಬಡ್ಡಿಯಿಂದ ದೂರವಿರಬೇಕೆಂಬ ಕಾಳಜಿಯೂ ಅದರ ಹಿಂದಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಚಾಲ್ತಿ ಖಾತೆಗೆ ಬಡ್ಡಿ ಕೊಡುವಂತಿಲ್ಲ. ಅಂದರೆ ಈ ಹಣವು ಬ್ಯಾಂಕಿಗೆ ಬಡ್ಡಿಯ ಖರ್ಚಿಲ್ಲದೆ ದೊರೆಯುತ್ತದೆ. ಹಾಗಿದ್ದೂ ಕನಿಷ್ಠ ಶಿಲ್ಕು ಇಲ್ಲವೆಂದು ದಂಡ, ಮಿತಿ ಮೀರಿ ನಗದು ಕಟ್ಟಿದರೆ ಶುಲ್ಕ, ವಿಚಾರಿಸಲು ಹೋದರೆ ಉಪೇಕ್ಷೆ! ಬಡ್ಡಿಯನ್ನು ತೊರೆಯುವುದು ತಕ್ವಾ. ಆದರೆ ನ್ಯಾಯವಾಗಿ ಸಲ್ಲಬೇಕಾದ ಸೇವೆಯನ್ನೂ ತೊರೆದು ಮೌನವಾಗಿರುವುದನ್ನು ತಕ್ವಾ ಎನ್ನಲಾಗದು. ಕೆಲವು ಬ್ಯಾಂಕುಗಳು ನಿರ್ದಿಷ್ಟ ಪ್ರದೇಶಗಳನ್ನು ನಕಾರಾತ್ಮಕ ವಲಯಗಳೆಂದು ಗುರುತಿಸಿ ಸಾಲಸೌಲಭ್ಯ ನಿರಾಕರಿಸುತ್ತಿದ್ದುದನ್ನು 2006ರ ಸಾಚಾರ್ ವರದಿಯು ದಾಖಲಿಸಿದೆ. ಅಂಥ ಧೋರಣೆಗೆ ಗ್ರಾಹಕನು ನೀಡಬಹುದಾದ ಶಾಂತವಾದ, ಕಾನೂನುಬದ್ಧವಾದ ಉತ್ತರವೆಂದರೆ ತನ್ನ ಠೇವಣಿಯನ್ನು ಬೇರೆಡೆಗೆ ಒಯ್ಯುವುದೇ ಆಗಿದೆ.

ಆದರೆ ಹಕ್ಕಿನ ಜೊತೆಗೇ ಹೊಣೆಯೂ ಬರುತ್ತದೆ. ಖಾತೆಯಲ್ಲಿರುವುದು ನಮ್ಮ ಹಣ ಮಾತ್ರವಲ್ಲ, ಇತರರಿಗೆ ನಾವು ಕೊಟ್ಟ ಮಾತೂ ಅದರಲ್ಲಿದೆ. ಮುಂದಿನ ತಾರೀಕಿನ ಚೆಕ್ಕುಗಳನ್ನು ಸಗಟು ವ್ಯಾಪಾರಿಗೆ ಕೊಟ್ಟು, ಬಳಿಕ ಖಾತೆಯನ್ನೇ ಮುಚ್ಚಿಬಿಟ್ಟರೆ ಅವನ ಗತಿಯೇನು? 'ಖಾತೆ ಮುಚ್ಚಲಾಗಿದೆ' ಎಂದು ಹಿಂದಿರುಗಿದ ಚೆಕ್ಕಿಗೂ ವರ್ಗಾವಣೀಯ ಲಿಖಿತಗಳ ಕಾಯ್ದೆಯ 138ನೇ ಕಲಂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1999ರಲ್ಲಿಯೇ ತೀರ್ಪು ನೀಡಿದೆ. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಡದಿದ್ದರೆ ಎರಡು ವರ್ಷಗಳವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಸೂಕ್ತವೇ (ಅಲ್ ಬಕರ: 282) ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾಗಿದೆ. ಅದನ್ನು ಓದುವವರ ಬಳಿ ತಾವು ಕೊಟ್ಟ ಚೆಕ್ಕುಗಳ ಪಟ್ಟಿಯೂ ಇಲ್ಲದಿದ್ದರೆ ಹೇಗೆ?

ಆದ್ದರಿಂದ ಮೊದಲು ಹೊಸ ಖಾತೆ ತೆರೆಯಬೇಕು. ಕೊಟ್ಟ ಚೆಕ್ಕುಗಳೆಲ್ಲ ನಗದಾಗುವವರೆಗೆ ಹಳೆಯದನ್ನು ಹಣವಿಟ್ಟು ಉಳಿಸಿಕೊಳ್ಳಬೇಕು. ಜಿಎಸ್‌ಟಿ ನೋಂದಣಿಯಲ್ಲಿ ಹೊಸ ಖಾತೆಯನ್ನು ಸೇರಿಸಬೇಕು. ವಿಮೆ, ಕಂತು, ವಿದ್ಯುತ್ ಬಿಲ್ಲುಗಳ ಆದೇಶಗಳನ್ನು ಬದಲಿಸಬೇಕು. ಆಮೇಲೆ ಲಿಖಿತವಾಗಿ ಹಳೆಯ ಖಾತೆಯನ್ನು ಮುಚ್ಚಿಸಿ ದಾಖಲೆ ಪಡೆಯಬೇಕು. ಹೊಸ ಬ್ಯಾಂಕು ಓವರ್‌ಡ್ರಾಫ್ಟಿನ ಆಮಿಷ ಒಡ್ಡಿದರೆ, ಅದು ಬಡ್ಡಿಯ ಸಾಲವೇ ಎಂಬುದನ್ನು ಮರೆಯಬಾರದು.

ಮಸೀದಿ, ಮದ್ರಸಗಳ ಖಾತೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಅದು ಸಮುದಾಯದ ಅಮಾನತ್ತು. ಸಭೆಯ ನಿರ್ಣಯವಿಲ್ಲದೆ, ಇಬ್ಬರ ಸಹಿಯಿಲ್ಲದೆ ಖಾತೆ ಬದಲಾಗಕೂಡದು. 'ಎರಡು ದಿನದ ಮಟ್ಟಿಗೆ' ಎಂದು ಆ ಹಣ ಕಾರ್ಯದರ್ಶಿಯ ಸ್ವಂತ ಖಾತೆಗೆ ಹೋಗಲೂಕೂಡದು.

ಮುಚ್ಚದೆ ಬಿಟ್ಟ ಹಳೆಯ ಖಾತೆಯು ವಾರಸುದಾರರ ಹಕ್ಕನ್ನೂ ಮರೆಮಾಚುತ್ತದೆ. ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷಗಳ ಬಳಿಕ ಅದರ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಸೇರುತ್ತದೆ. ಆಮೇಲೂ ವಾರಸುದಾರರು ಬ್ಯಾಂಕಿನ ಮೂಲಕ ಅದನ್ನು ಕೇಳಿ ಪಡೆಯಬಹುದು. ಹುಡುಕಲೆಂದೇ 2023ರಲ್ಲಿ ಉದ್ಗಮ್ ಎಂಬ ಜಾಲತಾಣ ಆರಂಭವಾಗಿದೆ. ಆದರೆ ಖಾತೆ ಇದೆಯೆಂಬುದೇ ತಿಳಿಯದ ವಿಧವೆಗೆ, ಹೆಣ್ಣುಮಕ್ಕಳಿಗೆ ಅದರಿಂದೇನು ಪ್ರಯೋಜನ? ಶರೀಅತ್ ನಿಗದಿಪಡಿಸಿದ ಅವರ ಪಾಲು ನಮ್ಮ ಅಲಕ್ಷ್ಯದಿಂದ ಕಳೆದುಹೋಗಬಾರದು.

ಬ್ರಿಟನ್‌ನಲ್ಲಿ 2013ರಿಂದ ಚಾಲ್ತಿ ಖಾತೆಯನ್ನು ಏಳು ಕೆಲಸದ ದಿನಗಳಲ್ಲಿ ವರ್ಗಾಯಿಸುವ ವ್ಯವಸ್ಥೆಯಿದೆ; ಹಳೆಯ ಖಾತೆಗೆ ಬಂದ ಹಣವೂ ಹೊಸದಕ್ಕೆ ತಾನಾಗಿ ಸೇರುತ್ತದೆ. ನಮ್ಮಲ್ಲಿ 2011ರಿಂದ ದೇಶದಾದ್ಯಂತ ಮೊಬೈಲ್ ಸಂಖ್ಯೆ ಉಳಿಸಿಕೊಂಡು ಕಂಪೆನಿ ಬದಲಿಸಬಹುದು, ಆದರೆ ಖಾತೆ ಸಂಖ್ಯೆಯನ್ನು ಹಾಗೆ ಒಯ್ಯುವಂತಿಲ್ಲ. ಅದು ಸಾಧ್ಯವಾಗಬೇಕೆಂದು ರಿಸರ್ವ್ ಬ್ಯಾಂಕಿನ ಆಗಿನ ಡೆಪ್ಯುಟಿ ಗವರ್ನರ್ ಎಸ್.ಎಸ್. ಮುಂದ್ರಾ 2017ರಲ್ಲಿಯೇ ಹೇಳಿದ್ದರು. ಬ್ಯಾಂಕುಗಳನ್ನೇ ಒಂದುಗೂಡಿಸಬಲ್ಲ ಸರಕಾರಕ್ಕೆ ಒಬ್ಬ ಗ್ರಾಹಕನ ಖಾತೆ ಸಂಖ್ಯೆಯನ್ನು ಉಳಿಸಿಕೊಡುವುದು ಅಸಾಧ್ಯವೇ? ಈ ಪ್ರಶ್ನೆಯನ್ನು ವರ್ತಕರ ಸಂಘಗಳು ಎತ್ತಲಿ. ಅಷ್ಟರೊಳಗೆ ಪ್ರತಿಯೊಂದು ಮನೆಯಲ್ಲಿಯೂ ಜಮಾಅತ್‌ನಲ್ಲಿಯೂ ಖಾತೆಗಳ ಪಟ್ಟಿಯೊಂದು ಸಿದ್ಧವಾಗಲಿ, ಅದು ಎಲ್ಲಿದೆಯೆಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ.