ಹಠದ ಹಿಂದಿನ ಅಳಲು



2022ರ ಶ್ರಾವಣ ಮಾಸ. ನಮ್ಮೂರಿನ ಮಠದಲ್ಲಿ ಅಂದಿನ ಪ್ರವಚನ ಮುಗಿದು ಜನರೆಲ್ಲ ಪ್ರಸಾದಕ್ಕೆ ಎದ್ದಿದ್ದರು. ವಯಸ್ಸಾದ ತಾಯಿಯೊಬ್ಬರು ಎಂಟು ವರ್ಷದ ಮೊಮ್ಮಗನ ಕೈಹಿಡಿದು ನನ್ನ ಬಳಿಗೆ ಬಂದರು. ಹುಡುಗನನ್ನು ಆಟಕ್ಕೆ ಕಳುಹಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳತೊಡಗಿದರು:

“ಮಾಸ್ತರ್ರೀ, ಈ ಹುಡುಗಗ ಏನಾಗೇದೋ ತಿಳೀವಲ್ದು. ಸಾಲ್ಯಾಗ ಹುಡುಗರನ್ನ ಹೊಡೀತಾನ. ಸಂಜೀಕ ಮನ್ಯಾಗಿನ ಸಾಮಾನು ಒಗೀತಾನ. ಇಷ್ಟು ದೊಡ್ಡಾಂವಾಗಿ ಮತ್ತ ಹಾಸಿಗಿ ತೋಯಿಸಾಕ ಹತ್ಯಾನ. ಯಾರರೆ ಮಾಟ ಮಾಡಿಸ್ಯಾರೇನ್ರೀ?”

ಅಷ್ಟರಲ್ಲಾಗಲೇ ಆ ಮನೆಯವರು ತಾಯಿತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು, ಬೈದಿದ್ದರು, ಹೊಡೆದೂ ಇದ್ದರು. ಶಾಲೆಯವರು ಹುಡುಗನನ್ನು ಬೇರೆ ಕಡೆ ಸೇರಿಸಿರೆಂದು ಸೂಚಿಸಿದ್ದರು. ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು: 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ಹುಡುಗನ ತಂದೆ ತೀರಿಕೊಂಡಿದ್ದರು. ದೇಹ ಮನೆಗೆ ಬರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ರುದ್ರಭೂಮಿಗೆ ಒಯ್ದು ಸಮಾಧಿ ಮಾಡಿದರು. ಹುಡುಗ ಆಗ ಸೋದರಮಾವನ ಊರಿನಲ್ಲಿದ್ದ. ತಿಂಗಳ ಮೇಲೆ ಬಂದು “ಅಪ್ಪ ಎಲ್ಲಿ?” ಎಂದು ಕೇಳಿದವನಿಗೆ ದೊರೆತ ಉತ್ತರ, “ನಿಮ್ಮಪ್ಪ ಲಿಂಗೈಕ್ಯ ಆಗ್ಯಾನಪ್ಪಾ.” “ಯಾವಾಗ ಬರ್ತಾನ?” ಎಂದು ಮತ್ತೆ ಕೇಳಿದಾಗ, “ಬರ್ತಾನ, ಸುಮ್ನಿರು.” ಅಲ್ಲಿಂದ ಮುಂದೆ ಆ ಮನೆಯಲ್ಲಿ ತಂದೆಯ ಮಾತನ್ನು ಯಾರೂ ಎತ್ತಲಿಲ್ಲ. ಮಗುವಿಗೆ ನೋವಾಗದಿರಲೆಂಬ ಪ್ರೀತಿಯಿಂದಲೇ ಹಿರಿಯರು ಹಾಗೆ ಮಾಡಿದ್ದರು.

ಈ ತಿಂಗಳು ಆ ಮನೆಯ ಅನುಮತಿ ಪಡೆದು ಅವರ ಅನುಭವವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಹಠಮಾರಿ, ಪುಂಡ, ಮೊಂಡ ಎಂದು ನಾವು ಕರೆಯುವ ಮಗು ಬಹುಮಟ್ಟಿಗೆ ಮಾತಿನಲ್ಲಿ ಹೇಳಲಾರದ್ದನ್ನು ನಡೆಯಲ್ಲಿ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದ ಹಿರಿಯರೂ ಒಂಟಿಯಾಗಿ ಆ ಭಾರವನ್ನು ಹೊರಬೇಕಾಗಿಲ್ಲ. ಈ ಎರಡು ಮಾತುಗಳನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಮೂರು ಕಲಮುಗಳ ಪುಸ್ತಕ

ಮೊದಲು ಅವರು ಹುಡುಗನನ್ನು ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿದರು. ಇದು ಸರಿಯಾದ ಕ್ರಮ. ಆರು ತಿಂಗಳಿಗೂ ಹೆಚ್ಚು ಕಾಲ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಮಾಡತೊಡಗಿದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ ಇವು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪಾಠದಲ್ಲಿ ಗಮನವಿಲ್ಲದ ಮಗುವಿಗೆ ಕಿವಿ ಸರಿಯಾಗಿ ಕೇಳಿಸದಿರಬಹುದು, ಕರಿಹಲಗೆ ಕಾಣದಿರಬಹುದು. ದೇಹದ ದೋಷವನ್ನು ಸ್ವಭಾವದ ದೋಷವೆಂದು ತಿಳಿದು ಶಿಕ್ಷಿಸುವುದು ಘೋರ ಅನ್ಯಾಯ.

ಈ ಹುಡುಗನ ದೇಹದಲ್ಲಿ ದೋಷವೇನೂ ಕಾಣಲಿಲ್ಲ. ವೈದ್ಯರು ಅವನನ್ನು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿಗೆ ಕಳುಹಿಸಿದರು. ಆಕೆ ತಾಯಿಯ ಕೈಗೆ ಒಂದು ನೋಟುಪುಸ್ತಕ ಕೊಟ್ಟು, ಪುಟದ ಮೇಲೆ ಮೂರು ಕಲಮು ಹಾಕಿಸಿದರು: ಸಿಟ್ಟು ಬರುವ ಮುನ್ನ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು. ಜೊತೆಗೆ ದಿನ ಮತ್ತು ವೇಳೆ. ಇದಕ್ಕೆ ದೊಡ್ಡ ಓದು ಬೇಕಿಲ್ಲ, ಖರ್ಚೂ ಇಲ್ಲ.

ಮೂರು ವಾರ ಕಳೆದ ಮೇಲೆ ತಾಯಿ ತಾನು ಬರೆದದ್ದನ್ನು ತಾನೇ ಓದಿದರು. ಹುಡುಗನ ರಂಪಾಟವೆಲ್ಲ ಹೆಚ್ಚಾಗಿ ಸಂಜೆ ಆರರಿಂದ ಏಳರೊಳಗೆ ನಡೆಯುತ್ತಿತ್ತು. ಪಕ್ಕದ ಮನೆಯವರ ಮೋಟಾರ್ ಸೈಕಲ್ಲು ಬಂದು ನಿಂತ ಹೊತ್ತಿಗೆ ಅದು ಏರುತ್ತಿತ್ತು. ತಂದೆ ಕೆಲಸದಿಂದ ಮರಳುತ್ತಿದ್ದುದು ಅದೇ ವೇಳೆಗೆ. ಬಂದವರೇ ಮಗನನ್ನು ಗಾಡಿಯ ಮುಂದೆ ಕೂರಿಸಿಕೊಂಡು ಓಣಿಯಲ್ಲಿ ಒಂದು ಸುತ್ತು ಹಾಕಿಸುತ್ತಿದ್ದರಂತೆ. ಒಂದು ವರ್ಷಕ್ಕೂ ಮೇಲ್ಪಟ್ಟು ಆ ಮಗು ಪ್ರತಿ ಸಂಜೆ ಆ ಸದ್ದಿಗಾಗಿ ಕಾದಿತ್ತು. ಬೇರೆಯವರ ಮನೆಯ ಮುಂದೆ ಅದು ನಿಂತಾಗ ಕೈಗೆ ಸಿಕ್ಕದ್ದನ್ನು ಎಸೆಯುತ್ತಿತ್ತು.

ನಿಜವನ್ನು ಹೇಳುವ ಬಗೆ

‘ಲಿಂಗೈಕ್ಯ’ ಎಂಬುದು ನಮಗೆ ಪವಿತ್ರವಾದ ಪದ. ಅದರ ಆಳವನ್ನು ದೊಡ್ಡವರೇ ಬಾಳಿನುದ್ದಕ್ಕೂ ಅರಿಯಬೇಕು. ಏಳು ವರ್ಷದ ಮಗುವಿಗೆ ಅದು ಯಾವುದೋ ಊರಿನ ಹೆಸರಿನಂತೆ ಕೇಳಿಸಿದ್ದರೆ ಆಶ್ಚರ್ಯವೇನು? ಮನಶ್ಶಾಸ್ತ್ರಜ್ಞೆ ಹೇಳಿಕೊಟ್ಟಂತೆ ತಾಯಿ ಒಂದು ದಿನ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ನೇರ ಮಾತಿನಲ್ಲಿ ತಿಳಿಸಿದರು: ಅಪ್ಪನಿಗೆ ದೊಡ್ಡ ಕಾಯಿಲೆ ಬಂದಿತ್ತು, ಉಸಿರು ನಿಂತಿತು, ಅಪ್ಪ ಸತ್ತುಹೋದರು, ಇನ್ನು ಮರಳಿ ಬರುವುದಿಲ್ಲ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, “ನಾ ಅವತ್ತ ಹಠ ಮಾಡಿದ್ದಕ್ಕ ಹೋದನೇನು?” ಎಂದು ಕೇಳಿದ.

ಬಂಧುಗಳೇ, ಈ ಮಾತನ್ನು ನನಗೆ ಹೇಳುವಾಗ ಆ ತಾಯಿಯ ಕಂಠ ಬಿಗಿದಿತ್ತು. ಮನೆಯಲ್ಲಿ ಸಾವು, ಜಗಳ, ಬೇರ್ಪಡುವಿಕೆ ಏನೇ ನಡೆಯಲಿ, ಅದಕ್ಕೆ ತಾನೇ ಕಾರಣವೆಂದು ಎಳೆಯ ಮಕ್ಕಳು ಭಾವಿಸುವುದುಂಟು. ಆ ಅಪರಾಧಭಾವವನ್ನು ತೆಗೆಯಬೇಕಾದರೆ, “ನಿನ್ನಿಂದ ಆದದ್ದಲ್ಲ” ಎಂದು ಬಾಯಿಬಿಟ್ಟು, ಒಂದಲ್ಲ ಹತ್ತು ಬಾರಿ ಹೇಳಬೇಕು. ಮರುವಾರ ಅವರು ಹುಡುಗನನ್ನು ತಂದೆಯ ಸಮಾಧಿಯ ಬಳಿಗೆ ಕರೆದೊಯ್ದರು. ಅವನು ಹೂವು, ಪತ್ರೆ ಇಟ್ಟು ಅತ್ತ. ಸಂಜೆ ಆರಕ್ಕೆ ಅಜ್ಜಿ ಲಿಂಗಪೂಜೆಗೆ ಕುಳಿತಾಗ ಹೂವು, ವಿಭೂತಿ ಅಣಿಮಾಡುವ ಕೆಲಸ ಅವನದಾಯಿತು; ಆಮೇಲೆ ತಾಯಿಯೊಡನೆ ಓಣಿಯಲ್ಲಿ ಒಂದು ಸುತ್ತು ನಡಿಗೆ.

ವಾರದೊಳಗೆ ಎಲ್ಲವೂ ನೆಟ್ಟಗಾಯಿತೆಂದು ಬರೆದರೆ ಸುಳ್ಳಾದೀತು. ಹಾಸಿಗೆ ಒಣಗಲು ನಾಲ್ಕು ತಿಂಗಳು ಹಿಡಿಯಿತು. ಶಾಲೆಯಲ್ಲಿ ಜಗಳ ಆಗಾಗ ನಡೆದೇ ಇತ್ತು. ಆದರೆ ಈಗ ಅವನು ಸಿಟ್ಟು ಬಂದಾಗ, “ಅಪ್ಪನ ನೆನಪಾಗೇದ” ಎಂದು ಹೇಳಬಲ್ಲ. ಹೇಳಬಲ್ಲ ಮಗು ಹೊಡೆಯುವುದು ಕಡಿಮೆ.

ಮನೆಯಲ್ಲಿ ಪಾಲಿಸಬಹುದಾದ ಕೆಲವು ನಿಯಮಗಳು

ಎಲ್ಲ ಮಕ್ಕಳ ಕಷ್ಟಕ್ಕೂ ಕಾರಣ ಒಂದೇ ಅಲ್ಲ. ಆದರೂ ಕೆಲವು ಮಾತುಗಳು ಎಲ್ಲ ಮನೆಗಳಿಗೂ ಸಲ್ಲುತ್ತವೆ.

ದಿನಕ್ಕೆ ಹದಿನೈದು ನಿಮಿಷ ಮಗುವಿಗೆಂದೇ ಮೀಸಲಿಡಿ. ಆಗ ಬುದ್ಧಿವಾದ ಬೇಡ, ಓದಿನ ಮಾತು ಬೇಡ, ಮೊಬೈಲಂತೂ ಬೇಡವೇ ಬೇಡ. ಮಗು ಆರಿಸಿದ ಆಟದಲ್ಲಿ ನೀವು ಜೊತೆಗಾರರಾಗಿ.

“ಒಳ್ಳೆಯ ಹುಡುಗ” ಎಂದು ಬರಿದೇ ಹೊಗಳುವ ಬದಲು, “ತಂಗಿಗೆ ಆಟಿಗೆ ಕೊಟ್ಟೆಯಲ್ಲ, ನನಗೆ ಸಂತೋಷವಾಯಿತು” ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಮೆಚ್ಚಿರಿ.

ನಿಯಮಗಳು ಕೆಲವೇ ಇರಲಿ. ಇದ್ದವು ಎಲ್ಲರಿಗೂ ಒಂದೇ ಆಗಿರಲಿ. ತಂದೆ ಬೇಡವೆಂದದ್ದನ್ನು ಅಜ್ಜಿ ಗುಟ್ಟಾಗಿ ಕೊಟ್ಟರೆ ಮಗು ಕಲಿಯುವುದು ಹಿರಿಯರ ನಡುವೆ ನುಸುಳುವ ದಾರಿಯನ್ನು.

ಮಗು ಕೆರಳಿದಾಗ ಉಪದೇಶ ಕಿವಿಗೆ ಇಳಿಯದು. ಯಾರಿಗೂ ಪೆಟ್ಟಾಗದಂತೆ ನೋಡಿಕೊಂಡು, ದನಿ ತಗ್ಗಿಸಿ, ಹತ್ತಿರದಲ್ಲಿರಿ. ಮಾತು ಆಮೇಲೆ. ಹೊಡೆತ ಮಗುವನ್ನು ಆ ಕ್ಷಣಕ್ಕೆ ಅಡಗಿಸಬಹುದು; ಬಲವಿದ್ದವನು ಹೊಡೆಯಬಹುದೆಂಬ ಪಾಠವನ್ನೂ ಅದು ಕಲಿಸುತ್ತದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಬೆತ್ತ ಹಿಡಿದವನೇ. ಅಂದು ನನ್ನಿಂದ ಪೆಟ್ಟು ತಿಂದ ಮಕ್ಕಳಲ್ಲಿ ಎಷ್ಟು ಜನ ಹೀಗೆ ಏನನ್ನೋ ಹೇಳಲು ಹವಣಿಸುತ್ತಿದ್ದರೋ ಎಂದು ಈಗ ನೆನೆದು ನೋಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ನೆರವು ದೊರೆಯುವ ಕಡೆಗಳು

ನಿದ್ರೆ, ಊಟ, ಓದು, ಆಟಗಳಲ್ಲಿ ಬದಲಾವಣೆ ಹಲವು ವಾರ ಮುಂದುವರಿದರೆ ತಜ್ಞರನ್ನು ಕಾಣಲು ತಡಮಾಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವಿದೆ. ಒಳರೋಗಿಯಾಗಿ ಸೇರಿದ ಮಗುವಿನೊಡನೆ ಮನೆಯವರೂ ಉಳಿದು, ಪಾಲನೆಯ ಕ್ರಮವನ್ನು ಕಲಿತು ಬರುತ್ತಾರೆ. ಮಾತು ತಡವಾದ ಅಥವಾ ಶ್ರವಣದೋಷವಿರುವ ಮಕ್ಕಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಊರು ಬಿಟ್ಟು ಹೋಗಲಾರದವರು 14416 ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆ. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. “ನಾನು ಸಾಯುತ್ತೇನೆ” ಎಂದು ಮಗು ಹೇಳಿದರೆ ಬೆದರಿಕೆಯೆಂದು ಎಣಿಸಿ ಗದರಬೇಡಿ; ಒಂಟಿಯಾಗಿ ಬಿಡದೆ ಅಂದೇ ನೆರವು ಪಡೆಯಿರಿ.

ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯನ್ನು ಅಥವಾ ಒಂದು ಸ್ಥಳವನ್ನು ಕಂಡು ಮಗು ಹೆದರತೊಡಗಿದರೆ, ಲೈಂಗಿಕ ಕಿರುಕುಳದ ಶಂಕೆಯನ್ನೂ ತಳ್ಳಿಹಾಕಬಾರದು. ಮನೆತನದ ಮಾನಕ್ಕಂಜಿ ಮುಚ್ಚಿಟ್ಟರೆ ಮಗು ಎರಡನೆಯ ಬಾರಿ ಗಾಯಗೊಳ್ಳುತ್ತದೆ. 2012ರ ಪೋಕ್ಸೊ ಕಾಯ್ದೆಯಂತೆ ಇಂತಹ ಅಪರಾಧ ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ದಿನದ ಎಲ್ಲ ವೇಳೆಯಲ್ಲೂ ಲಭ್ಯ.

ಎಷ್ಟು ತಿಳಿಹೇಳಿದರೂ ಓದುಬರಹ ಹತ್ತದ ಮಗುವನ್ನು ದಡ್ಡನೆನ್ನುವ ಮುನ್ನ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ನ್ಯೂನತೆಗಳಲ್ಲಿ ಅದೂ ಸ್ವಲೀನತೆಯೂ ಸೇರಿವೆ. ತಂದೆಯನ್ನು ಕಳೆದುಕೊಂಡು ವಿಧವೆ ತಾಯಿಯ ಆಸರೆಯಲ್ಲಿರುವ ಬಡ ಮಕ್ಕಳಿಗೆ, ‘ಮಿಷನ್ ವಾತ್ಸಲ್ಯ’ದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ದೊರೆಯುವ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಮೇಲೆ ಹೇಳಿದ ತಾಯಿಗೆ ಈ ವಿಷಯ ತಿಳಿದದ್ದು ಆಸ್ಪತ್ರೆಗೆ ಹೋದ ಮೇಲೆಯೇ.

ಓದಬಯಸುವವರಿಗೆ, ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳ ಕನ್ನಡದಲ್ಲಿ ಬರೆದ ಅನೇಕ ಪುಸ್ತಕಗಳಿವೆ.

ಹೊರುವವರಿಗೂ ಹೆಗಲು ಬೇಕು

ಇಂತಹ ಮಗುವನ್ನು ಸಲಹುವವರ ದಣಿವನ್ನು ನಾವು ಕಾಣುವುದೇ ಇಲ್ಲ. ಗಂಡನನ್ನು ಕಳೆದುಕೊಂಡ ಆ ತಾಯಿಯ ದುಃಖವನ್ನು ಒಂದು ವರ್ಷ ಯಾರೂ ಕೇಳಿರಲಿಲ್ಲ. ಮಗನನ್ನು ಕಳೆದುಕೊಂಡ ಅಜ್ಜಿಯ ದುಃಖವನ್ನೂ ಕೇಳಿರಲಿಲ್ಲ. “ಸಾಕಿದ ರೀತಿ ಸರಿಯಿಲ್ಲ” ಎನ್ನಲು ಮಾತ್ರ ನೆಂಟರು ಬಂದಿದ್ದರು. ತಾನೇ ಬತ್ತಿದವರು ಮಗುವನ್ನು ತಣಿಸುವುದು ಹೇಗೆ? ವಾರಕ್ಕೊಂದು ದಿನ ಆ ಹುಡುಗನನ್ನು ನಮ್ಮ ಮನೆಗೆ ಕರೆತಂದು, ಆ ತಾಯಿಗೆ ಎರಡು ಗಂಟೆ ಬಿಡುವು ಕೊಟ್ಟರೆ ಅದೂ ದಾಸೋಹವೇ.

ಬಸವಣ್ಣನವರ ಬಾಲ್ಯವನ್ನು ನೆನೆಯಿರಿ. ಉಪನಯನವನ್ನು ಒಲ್ಲೆನೆಂದು ಮನೆ ತೊರೆದ ಬಾಲಕನೆಂದು ಸಂಪ್ರದಾಯ ಹೇಳುತ್ತದೆ. ಅಂದಿನವರ ಕಣ್ಣಿಗೆ ಅವರೂ ಹಠಮಾರಿಯೇ. ಕೂಡಲಸಂಗಮದಲ್ಲಿ ಅವರ ಪ್ರಶ್ನೆಗೆ ಕಿವಿಗೊಡುವ ಗುರುಗಳು ದೊರೆತರು. ಮುಂದೆ ಕಲ್ಯಾಣದಲ್ಲಿ ಎಲ್ಲರ ಮಾತಿಗೂ ಎಡೆಯಿದ್ದ ಅನುಭವ ಮಂಟಪವನ್ನು ಕಟ್ಟಿದವರೂ ಅವರೇ. ಕೇಳಿಸಿಕೊಳ್ಳುವುದು ನಮ್ಮ ಧರ್ಮಕ್ಕೆ ಹೊಸದಲ್ಲ.

ಆದುದರಿಂದ ನನ್ನದೊಂದು ಬಿನ್ನಹ. ನಮ್ಮ ಊರುಗಳಲ್ಲಿ ನಡೆಯುವ ಮಾಸಿಕ ಶಿವಾನುಭವ ಗೋಷ್ಠಿಯ ಕೊನೆಯಲ್ಲಿ ಅರ್ಧ ಗಂಟೆಯನ್ನು ಮಕ್ಕಳನ್ನು ಸಾಕುವವರ ಮಾತಿಗೆ ಬಿಡಿ. ವರ್ಷಕ್ಕೆರಡು ಬಾರಿ ಜಿಲ್ಲಾಸ್ಪತ್ರೆಯ ತಜ್ಞರನ್ನು ಆಹ್ವಾನಿಸಿ. ಉಚಿತ ಪ್ರಸಾದ ನಿಲಯಗಳಲ್ಲಿ ತಾಯ್ತಂದೆಯರನ್ನು ಅಗಲಿ ಬಂದ ಚಿಕ್ಕ ಮಕ್ಕಳಿರುತ್ತಾರೆ. ಅಲ್ಲಿನ ಮೇಲ್ವಿಚಾರಕರಿಗೆ ಈ ತಿಳಿವಳಿಕೆ ಮೊದಲು ಮುಟ್ಟಲಿ. ಮುಂದೆ ಮದುವೆಗೆ ಅಡ್ಡಿಯಾದೀತೆಂದು ಮಗುವಿನ ಕಷ್ಟವನ್ನು ಬಚ್ಚಿಡುವ ಮನೆಗಳಿಗೆ, ನಾಲ್ಕು ಜನರ ನಡುವೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿ.

ಕಳೆದ ಶಿವರಾತ್ರಿಯಂದು ಆ ಅಜ್ಜಿ ಮಠದಲ್ಲಿ ಮತ್ತೆ ಸಿಕ್ಕಿದ್ದರು. ಹುಡುಗ ಪಂಕ್ತಿಯಲ್ಲಿ ನೀರು ಬಡಿಸುತ್ತಿದ್ದ. “ಇನ್ನೂ ಸಿಟ್ಟು ಅದಾವ್ರೀ ಮಾಸ್ತರ್ರ, ಆದರ ಈಗ ನಾವು ಅಂಜೂದಿಲ್ಲ” ಎಂದರು. ನಿಮ್ಮ ಮನೆಯಲ್ಲಿಯೂ ಇಂತಹ ಮಗುವಿದ್ದರೆ, ಇಂದು ಸಂಜೆಯೇ ಒಂದು ನೋಟುಪುಸ್ತಕ ತೆಗೆದು ಮೂರು ಕಲಮು ಎಳೆಯಿರಿ.